ಚಪ್ಪಲಿ ಗೂಡಿಗೆ ಒರಗಿದ ಕೋಲು

ಮಸ್ಕತ್ತಿನ ಮಾಲ್ ಒಂದರ ಕಾವಲು ಕೋಣೆಯಲ್ಲಿ, ಕಳೆದ ಪರ್ಸಿಗಾಗಿ ಬಂದ ಥುರಯ್ಯಾ ಸರದಿ ಕಾಯುತ್ತಿದ್ದಳು. ಅವಳ ಮುಂದಿದ್ದ ಹುಡುಗಿಯ ಮರೆಗುಳಿ ಅಪ್ಪ ಕಾಣೆಯಾಗಿದ್ದರು.

“ಕ್ಯಾಮೆರಾ ಚಿತ್ರಗಳಲ್ಲಿ ಬಿಳಿ ನಿಲುವಂಗಿ ಅಂತ ಹುಡುಕಿದ್ರೆ ಕಂಪ್ಯೂಟರು ನಾನೂರು ಜನರನ್ನ ತೋರಿಸ್ತಿದೆ, ತಂಗಿ. ಕೈಯಲ್ಲೇನಿತ್ತು?” ಎಂದ ಕಾವಲುಗಾರ.

“ಕೋಲು. ಅದಿಲ್ದೆ ಅಪ್ಪ ಒಂದ್ ಹೆಜ್ಜೆನೂ ಇಡಲ್ಲ.”

“ಕೋಲು... ಸಿಕ್ತು! ಮಧ್ಯಾಹ್ನದ ನಮಾಜಿಗೆ ಪ್ರಾರ್ಥನಾ ಕೋಣೆಗೆ ಹೋಗಿದ್ದಾರೆ.”

“ಸದ್ಯ! ಹೊರಗೆ ಬಂದಿದ್ದು ಯಾವಾಗ?”

“ಕೋಲು ಬಂದೇ ಇಲ್ಲ. ಇನ್ನೂ ಚಪ್ಪಲಿ ಗೂಡಿಗೆ ಒರಗಿದೆ. ಒಳಗೆ ಯಾರೂ ಇಲ್ಲ.”

“ಪಕ್ಕದಲ್ಲಿರೋದು ಅಪ್ಪನ ಚಪ್ಪಲಿ! ಬರಿಗಾಲು ಅಂತ ಹುಡುಕಿ, ಅಣ್ಣ!”

“ಇಲ್ಲಿ. ಮೂರನೇ ಬಾಗಿಲು. ಹತ್ತು ನಿಮಿಷದ ಹಿಂದೆ ರಸ್ತೆ ಕಡೆ...”

“ಅಯ್ಯೋ, ಡಾಂಬರು ಕಾದಿರುತ್ತೆ!”

ಇಬ್ಬರೂ ಓಡಿದರು. ಓಡುವ ಭರದಲ್ಲಿ ಕಳಚಿದ ಹುಡುಗಿಯ ಚಪ್ಪಲಿಗಳೆರಡೂ ಥುರಯ್ಯಾಳ ಕಾಲ ಬಳಿ ಬಿದ್ದಿದ್ದವು.