ಇಂಜಿನ್ ಆರುವವರೆಗೆ

ದೀಪ ಸ್ವಲ್ಪ ಸಣ್ಣ ಮಾಡು... ಹಾಂ, ಸಾಕು. ಇದು ಯಾರೋ ಹೇಳಿದ್ದನ್ನ ಹೇಳ್ತಿರೋದಲ್ಲ. ಅರ್ಧ ನಾನೇ ಕಂಡಿದ್ದು. ಇನ್ನರ್ಧ ಅಕ್ಕನ ಬಾಯಿಂದ ಕೇಳಿದ್ದು. ಅಕ್ಕ ಅಂದ್ರೆ ನಮ್ಮ ದೊಡ್ಡಮ್ಮನ ಮಗಳು.

ಆಗ ನಾನು ಬೇಕರಿಯಲ್ಲಿ ಕೆಲಸಕ್ಕಿದ್ದೆ. ಒಲೆ ಆರಿಸಿ, ತಟ್ಟೆ ತೊಳೆದಿಟ್ಟು ಹೊರಡೋ ಹೊತ್ತಿಗೆ ಊರೆಲ್ಲ ಮಲಗಿರ್ತಿತ್ತು. ದಾರೀಲಿ ಒಂದು ಹಾಳು ಬಾವಿ, ಅದರ ಪಕ್ಕದಲ್ಲೇ ದೋಣಿಕಟ್ಟೆಗೆ ಇಳಿಯೋ ಮೆಟ್ಟಿಲು. ಆ ಬಾವಿ ಹತ್ರ ನಾನು ನಿಂತವನೇ ಅಲ್ಲ, ತಲೆ ತಗ್ಗಿಸಿ ಸರಸರ ನಡೆದುಬಿಡ್ತಿದ್ದೆ. ಅವತ್ತು ನಿಂತೆ. ಹೊಳೆ ಕಡೆಯಿಂದ ಸದ್ದು... ಟುಕ್ ಟುಕ್ ಟುಕ್... ನಡುವೆ ಒಂದು ಸಲ ಉಸಿರು ಕಟ್ಟಿದ ಹಾಗೆ ತಡವರಿಸಿ, ಮತ್ತೆ ಟುಕ್ ಟುಕ್ ಟುಕ್.

ಆ ತಡವರಿಕೆ ನನಗೆ ಚೆನ್ನಾಗಿ ಗೊತ್ತು. ಅದು ಭಾವನ ದೋಣಿ.

ಭಾವ ಲಿಫ್ಟ್ ರಿಪೇರಿ ಮಾಡೋರು. ಯಾರೋ ಬೇಡ ಅಂತ ಬಿಸಾಕಿದ್ದ ಮೋಟಾರು ದೋಣಿಯನ್ನ ತಂದು ಹಿತ್ತಲಲ್ಲಿ ಟಾರ್ಪಾಲಿನ ಕೆಳಗಿಟ್ಟುಕೊಂಡು, ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ರು. ಕೆಲಸದಿಂದ ಬಂದರೆ ಸೀದಾ ಹಿತ್ತಲಿಗೆ. ಅಕ್ಕ ಹೊಲಿಗೆ ಮಷೀನಿನ ಮುಂದೆ ಕೂತು, “ಹೋಗ್ಬಂದ್ರಾ ನನ್ನ ಸವತಿ ಮನೆಗೆ?” ಅಂತ ಕೇಳೋಳು. ಅವಳಿಗೆ ನೀರು ಅಂದ್ರೆ ಭಯ. ಆದರೂ ದೋಣಿ ರೆಡಿಯಾದ ಮೇಲೆ ಭಾವ ಬಿಡಲಿಲ್ಲ. ಇಬ್ಬರೇ ಹೊಳೆ ಗುಂಟ ಇಳಿದು ಹೋಗೋಣ, ಬೇಕಾದಲ್ಲಿ ನಿಲ್ಲೋಣ, ದೋಣಿಯಲ್ಲೇ ಮಲಗೋಣ ಅಂದ್ರು. ಮದುವೆಯಾದಾಗಿನಿಂದ ಅವರಿಬ್ಬರೂ ಎಲ್ಲಿಗೂ ಹೋದವರಲ್ಲ. ಅಕ್ಕ ಒಪ್ಪಿಕೊಂಡಳು. ಹೊರಟ ದಿನ ನಾನೇ ಹಗ್ಗ ಬಿಚ್ಚಿಕೊಟ್ಟಿದ್ದೆ. ಅಕ್ಕ ಎರಡೂ ಕೈಯಲ್ಲಿ ಹಲಗೆ ಗಟ್ಟಿ ಹಿಡ್ಕೊಂಡು, ಹೆದರ್ತಾನೇ ನಗ್ತಾ ಇದ್ಲು.

ವಾರ ಕಳೆದು ಬರ್ತೀವಿ ಅಂದಿದ್ದವರು, ಇಷ್ಟು ಬೇಗ ಯಾಕೆ ಬಂದ್ರು ಅಂತ ನಾನು ಮೆಟ್ಟಿಲು ಇಳಿದೆ.

ಕಟ್ಟೆಯ ಕಾವಲುಗಾರ ಎದ್ದು ನಿಂತಿದ್ದ. ಹೊಳೆ ಕಡೆ ಬೆರಳು ತೋರಿಸಿ, ಆಗಲೇ ಬಂದ್ರು, ದಡಕ್ಕೆ ಬರ್ತಿಲ್ಲ, ಸುಮ್ನೆ ಸುತ್ತುತ್ತಾ ಇದ್ದಾರೆ ಅಂತ ಪಿಸುಗುಟ್ಟಿದ. ನಿಜ. ಕತ್ತಲಲ್ಲಿ ದೋಣಿ ಗಾಣದ ಎತ್ತಿನ ಹಾಗೆ ಒಂದೇ ಸುತ್ತು ಸುತ್ತುತ್ತಿತ್ತು. ಹಿಂದೆ, ಇಂಜಿನ್ನಿನ ಹಿಡಿ ಹಿಡಿದು ಕೂತಿದ್ದು ಅಕ್ಕ. ಒಬ್ಬಳೇ. ತಲೆ ಒಂದು ಕಡೆ ವಾಲಿಸಿದ್ದಳು... ಯಾರದೋ ಮಾತು ಕೇಳಿಸಿಕೊಳ್ಳೋ ಹಾಗೆ.

“ಅಕ್ಕಾ...” ಅಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಒಂದು ಕೈ ಎತ್ತಿದಳು. ಸ್ವಲ್ಪ ತಡಿ ಅನ್ನೋ ಹಾಗೆ.

ನಡೆದಿದ್ದು ಹೀಗೆ. ಇದನ್ನ ಅವಳು ನನಗೆ ಆಮೇಲೆ ಒಂದೇ ಸಲ ಹೇಳಿದ್ದು.

ಆ ಮಧ್ಯಾಹ್ನ ಊಟ ಮುಗಿಸಿ, ಯಾರೂ ಇಲ್ಲದ ಒಂದು ದಡದಲ್ಲಿ ದೋಣಿ ಕಟ್ಟಿದ್ರಂತೆ. ಭಾವ ಎದೆ ಉರೀತಿದೆ, ನೀರು ಕೊಡು ಅಂದರಂತೆ. ಅಕ್ಕ ಬಾಟಲಿ ಹುಡುಕಿ ತಿರುಗೋಷ್ಟರಲ್ಲಿ... ಆಗಿಹೋಗಿತ್ತು. ಅವಳು ಅಲುಗಿಸಿದಳು, ಬೈದಳು, ಎದೆ ಒತ್ತಿದಳು. ಫೋನಿಗೆ ಸಿಗ್ನಲ್ ಇಲ್ಲ. ದಡದುದ್ದಕ್ಕೂ ಕೂಗುತ್ತಾ ಓಡಿದಳು. ಎದುರು ದಡದಿಂದ ಅವಳ ಕೂಗೇ ವಾಪಸ್ ಬಂತು. ಕತ್ತಲಾದಾಗ ಬಂದು, ಅವರಿಗೆ ಬೆಡ್‌ಶೀಟ್ ಹೊದಿಸಿ, ಕಾಲ ಹತ್ರ ಕೂತಳು. ದೋಣಿ ನಡೆಸೋದು ಹೇಗೆ ಅಂತ ಅವಳಿಗೆ ಒಂಚೂರೂ ಗೊತ್ತಿಲ್ಲ.

ಆಗ ಹಿಂದಿನಿಂದ, ಇಂಜಿನ್ನಿನ ಪಕ್ಕದಿಂದ...

“ಹಗ್ಗ ಬಿಚ್ಚು.”

ಭಾವನದೇ ದನಿ. ಶೀಟಿನ ಕೆಳಗೆ ಭಾವ ಮಲಗಿದ್ದ ಹಾಗೇ ಇದ್ದರು. ಟಾರ್ಚ್ ಬಿಟ್ಟು ನೋಡಿದರೆ ಹಿಂದೆ ಯಾರೂ ಇಲ್ಲ.

ಹೆದರಿಕೆ ಆಗಲಿಲ್ವಾ ಅಕ್ಕ ಅಂತ ಕೇಳಿದೆ. ಯಾಕೋ ಹೆದರಬೇಕು, ನನ್ನ ಗಂಡ ಅಲ್ವಾ ಅಂದಳು.

ಅವರು ಹೇಳಿದ ಹಾಗೆ ಮಾಡಿದಳು. ದಡದ ಹಗ್ಗ ಬಿಚ್ಚಿ, ಇಂಜಿನ್ ಹಚ್ಚೋ ಹಗ್ಗ ಜಗ್ಗಿದಳು... ಚರ್ರ್... ಇನ್ನೊಂದು ಸಲ... ಚರ್ರ್... ಇಂಜಿನ್ ಹತ್ತಿಕೊಂಡಿತು. ಎಡಕ್ಕೆ ಬಂಡೆ ಇದೆ, ಬಲಕ್ಕೆ ಹೋಗು. ಸೆಳವು ಜೋರಿದೆ, ಹೆದರಬೇಡ, ಹಿಡಿ ಬಿಡಬೇಡ. ದಾರಿಯುದ್ದಕ್ಕೂ ಬಲಗಿವಿಯ ಹತ್ರ ಆ ದನಿ. ಇಂಜಿನ್ ಆರೋವರೆಗೆ ಇರ್ತೀನಿ ಅಂತ ಮೊದಲೇ ಹೇಳಿದ್ರಂತೆ.

ಊರ ದೀಪ ಕಂಡಾಗ ಅವಳಿಗೆ ಆ ಮಾತು ನೆನಪಾಯ್ತು. ಹಿಡಿ ತಿರುಗಿಸಿಬಿಟ್ಟಳು. ದಡಕ್ಕಲ್ಲ, ನಡುನೀರಿಗೆ.

ಆ ಸುತ್ತಿನಲ್ಲಿ ಏನು ಮಾತಾಡಿದಿರಿ ಅಂದೆ. ಎಲ್ಲಾ ಮನೆ ಮಾತೇ ಅಂದಳು. ಗ್ಯಾಸ್ ಮುಗಿಯಕ್ಕೆ ಬಂದಿದೆ, ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿದೆ, ಅಂಥದ್ದು. ಆಮೇಲೆ ಕೇಳಿದಳಂತೆ, ಎದೆನೋವು ಇವತ್ತಿಂದಾ ಅಂತ. ಅದಕ್ಕೆ ಆ ದನಿ,

“ತಿಂಗಳಿಂದ ಇತ್ತು ಕಣೇ. ಹೇಳಿದ್ರೆ ನೀನು ಬರ್ತಿರಲಿಲ್ಲ.”

“ಬರ್ತಿರಲಿಲ್ಲ ರೀ. ನಿಮ್ಮನ್ನ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಿದ್ದೆ.”

ಅಕ್ಕ ಇನ್ನೂ ಬೈಯಬೇಕು ಅಂತಿದ್ದವಳು, ಬೈಯಲಿಲ್ಲ. ಎರಡು ದಿನ ಚೆನ್ನಾಗಿತ್ತು ಕಣ್ರೀ, ತುಂಬ ಚೆನ್ನಾಗಿತ್ತು ಅಂದಳಂತೆ. ನಾನು ದಡದಲ್ಲಿ ನಿಂತು ‘ಅಕ್ಕಾ’ ಅಂದಿದ್ದು ಆಗಲೇ.

“ತಮ್ಮ ಬಂದಿದ್ದಾನೆ. ಸಾಕು. ಆರಿಸು.”

ಇಷ್ಟೂ ನನಗೆ ಕೇಳಿಸಿಲ್ಲ, ಸುಳ್ಳು ಯಾಕೆ ಹೇಳಲಿ. ನನಗೆ ಕಂಡಿದ್ದು ಇಷ್ಟೇ. ಅಕ್ಕ ಇನ್ನೊಂದು ಸುತ್ತು ಹಾಕಿದಳು... ಇನ್ನೊಂದು... ಆಮೇಲೆ ದೋಣಿ ನಮ್ಮ ಕಡೆ ತಿರುಗಿತು. ಅವಳು ಬಗ್ಗಿದಳು. ಸದ್ದು ನಿಂತಿತು. ದೋಣಿ ತಾನಾಗಿ ಜಾರಿ ಬಂದು ಕಟ್ಟೆಗೆ ತಾಗಿತು. ಠಕ್.

“ಮಲಗಿದ್ದಾರೆ ಕಣೋ,” ಅಂದಳು. “ಮೆಲ್ಲಗೆ ಎತ್ತು.”

ಆಮೇಲೆ ಅವಳು ಅತ್ತಿದ್ದನ್ನ ನಾನು ಹೇಳಲ್ಲ.

ಭಾವನ್ನ ಮೇಲೆ ತಂದಾದ ಮೇಲೆ, ದೋಣಿ ತೇಲಿ ಹೋಗಬಾರದಲ್ಲ, ಎಳೆದು ಕಟ್ಟೋಕೆ ನಾನೂ ಕಾವಲುಗಾರನೂ ಇಳಿದ್ವಿ. ಇಂಜಿನ್ನನ್ನ ನೀರಿಂದ ಎತ್ತಬೇಕು. ಅಷ್ಟು ಹೊತ್ತು ಓಡಿ ಈಗಷ್ಟೇ ಆರಿದ ಇಂಜಿನ್, ಸುಡುತ್ತೆ ಅಂತ ಅವನು ಕೈಗೆ ಟವೆಲ್ ಸುತ್ತಿಕೊಂಡ. ಮುಟ್ಟಿದವನು ಹಾಗೇ ನಿಂತುಬಿಟ್ಟ. ಟವೆಲ್ ಬಿಚ್ಚಿ, ಬರಿಗೈ ಇಟ್ಟು, ನನ್ನ ಮುಖ ನೋಡಿದ. ನಾನೂ ಕೈಯಿಟ್ಟೆ.

ತಣ್ಣಗಿತ್ತು. ಅದರ ಮೈ ತುಂಬಾ ಇಬ್ಬನಿ ಕೂತಿತ್ತು, ಆ ರಾತ್ರಿ ಅದು ಓಡೇ ಇಲ್ಲವೇನೋ ಅನ್ನೋ ಹಾಗೆ.

ನಂಬಿದ್ರೆ ನಂಬು, ಬಿಟ್ರೆ ಬಿಡು. ಈ ಅಂಗೈಯೆಲ್ಲ ಒದ್ದೆ ಆಗಿತ್ತು... ಇದೇ ಅಂಗೈ.