ಪಾಲಿಗೆ ಬಂದ ಬಲ್ಬು

...ಇಲ್ಲ ಇಲ್ಲ, ಮೊದಲು ಕೂತ್ಕೊಳ್ಳಿ. ನಿಮ್ಮ ಇಗ್ವಾನಾ ಜುರಗನ್ ಎಲ್ಲಿಗೂ ಓಡಿ ಹೋಗಲ್ಲ. ಮಲಗಿದಾನೆ. ಅಯ್ಯೋ, ಗೂಡಿನ ಮೇಲಿನ ಬಟ್ಟೆ ಎಳೀಬೇಡಿ ಮಾಸ್! ಈಗಷ್ಟೇ ಕಣ್ಣು ಮುಚ್ಚಿದಾನೆ. ಬೆಳಕು ಬಿದ್ರೆ ಬಾಲ ಬೀಸ್ತಾನೆ, ಗೊತ್ತಲ್ಲ. ನಿಮ್ಮ ಮೊಣಕೈ ಮೇಲೆ ಒಂದು ಬಾರಿಸಿದ್ನಲ್ಲ, ಆ ಗುರುತು ಇನ್ನೂ ಇದೆಯಾ?

ನೋಡಿ, ಈಗಲೂ 'ಮಾಸ್' ಅಂತಾನೇ ಬಾಯಿಗೆ ಬರತ್ತೆ. ಹನ್ನೊಂದು ವರ್ಷ ಗಂಡನ್ನ ಹಾಗೇ ಕರೆದ ನಾಲಿಗೆ. ಪಾಪ, ಕೋರ್ಟಿನ ಕಾಗದ ಓದೋಕೆ ಅದಕ್ಕೆ ಬರಲ್ಲ.

ಯಾಕೆ ನಗ್ತೀರಿ? ನಗಿ, ನಗಿ. ನಗುವಿಗೇನೂ ಪಾಲಿಲ್ಲ.

ಅವಳನ್ನೂ ಒಳಗೆ ಕರೀರಿ, ನಿಮ್ಮ ವುಲನ್‌ಸಿಹ್‌ನ. ಕಿಟಕೀಲಿ ಕಾಣ್ತಾಳೆ, ಮೋಟರ್‌ಸೈಕಲ್ ಪಕ್ಕ ನಿಂತಿದಾಳೆ. ಬರಲ್ವಂತಾ? ನಾಚಿಕೇನಾ, ಭಯಾನಾ? ನಾನೇನು ಕಚ್ತೀನಾ! ಆಗಸ್ಟಿನ ಚಳಿ ಇದು, ನಮ್ಮ ವೊನೊಸೊಬೊದ ಚಳಿ... ಮೇಲೆ ದಿಯೆಂಗ್ ಬೆಟ್ಟದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಆಲೂಗಡ್ಡೆ ಗಿಡವೆಲ್ಲ ಸುಟ್ಟ ಹಾಗೆ ಕಪ್ಪಾಗಿವೆಯಂತೆ. ನೀವು ದಪ್ಪ ಜಾಕೆಟ್ ಹಾಕ್ಕೊಂಡು ಬಂದಿದೀರ. ಅವಳ ಮೈಮೇಲೆ ಆ ತೆಳು ಬಟ್ಟೆ. ಏಳನೇ ತಿಂಗಳಾ? ಮಿತೋನಿ ಶಾಸ್ತ್ರ ಮಾಡಿದ್ರಾ, ಏಳು ಬಾವಿ ನೀರು ಹೊಯ್ದು? ಒಳ್ಳೇದು. ಒಳ್ಳೇದಾಗ್ಲಿ. ಇಲ್ಲ, ಮನಸ್ಸಿಂದಲೇ ಹೇಳ್ತಿದೀನಿ... ಅರ್ಧ ಮನಸ್ಸಿಂದ. ಅರ್ಧ ಅರ್ಧ ಅನ್ನೋದು ನಿಮಗೆ ಇಷ್ಟ ಅಲ್ವಾ?

ತಗೊಳ್ಳಿ, ತೆಂಪೆ ಕೆಮುಲ್, ಸೋಯಾ ಬಜ್ಜಿ. ಬಿಸಿ ಇದೆ. ನಿಮಗೆ ಅಂತ ಕರಿದದ್ದಲ್ಲ, ಸುಮ್ನೆ ಕರಿದೆ. ಹೂಂ, ಕುಚಾಯಿ ಸೊಪ್ಪು ಜಾಸ್ತಿ ಹಾಕಿದೀನಿ. ಹಾಕೋದು ಕೈಗೆ ಅಭ್ಯಾಸ.

ಆ ದಿನ ನೆನಪಿದೆಯಾ? ನಮ್ಮ ಬೀದಿಯ ಮುಖ್ಯಸ್ಥರು ಸರ್ವೋನೊ ಇಲ್ಲೇ, ಇದೇ ಚಾಪೆ ಮೇಲೆ ಕೂತಿದ್ರು. "ಗಂಡ ಹೆಂಡತಿ ಒಟ್ಟಿಗೆ ಮಾಡಿದ್ದು ಗೊನೊಗಿನಿ. ಬೇರೆ ಆದಾಗ ಅರ್ಧ ಅರ್ಧ, ಅದರಲ್ಲಿ ಮಾತಿಲ್ಲ" ಅಂದ್ರು. ತಟ್ಟೆ ಆರು ಆರು. ಕುರ್ಚಿ ಎರಡು ಎರಡು. ದಿಂಬು ಒಂದೊಂದು. "ಗಂಡು ಇಗ್ವಾನಾ ಪ್ರಿಹಾದಿಗೆ, ಹೆಣ್ಣು ಸುಮಿರಾಗೆ" ಅಂದ್ರು, ಜುರಗನ್ ನಿಮಗೆ, ಕೆನೆಸ್ ನನಗೆ. ಆಮೇಲೆ ನೀವು ಕುರ್ಚಿ ಹತ್ತಿ ಗೂಡಿನ ಬಿಸಿ ಬಲ್ಬು ಒಂದನ್ನ ಬಿಚ್ಚಿ ಜೇಬಿಗೆ ಹಾಕ್ಕೊಂಡ್ರಿ. "ಬಲ್ಬೂ ಎರಡಿವೆ, ಒಂದು ನಂದು." ಬಲ್ಬು ನಿಮ್ಮ ಜೇಬಿಗೆ ಹೋಯ್ತು. ಜುರಗನ್ ಮಾತ್ರ ಇಲ್ಲೇ ಉಳಿದ. "ಬಾಡಿಗೆ ರೂಮಿನಲ್ಲಿ ಜಾಗ ಇಲ್ಲ, ಎರಡು ತಿಂಗಳು ನೋಡ್ಕೋ." ಆ ಬಲ್ಬನ್ನ ಏನು ಮಾಡಿದ್ರಿ? ಕಾಲು ಕಾಯಿಸ್ಕೊಂಡ್ರಾ?

ಸರಿ ಬಿಡಿ, ಜಗಳಕ್ಕೆ ಕರೆದಿಲ್ಲ. ನೀವಾಗೇ ಬಂದಿದೀರ. ವುಲನ್‌ಸಿಹ್ ಹತ್ರ ಒಂದು ಕೆಂಪು ಹೆಣ್ಣು ಇದೆ, ಇವನನ್ನ ಅದರ ಜೊತೆ ಒಂದೇ ಗೂಡಿಗೆ ಬಿಟ್ಟು ಮರಿ ಮಾಡಿಸ್ತೀರ. ಫೋನಿನಲ್ಲಿ ಹೇಳಿದ್ರಲ್ಲ. ಒಂದೇ ಗೂಡು. ಆಹಾ!

ಆ ಫೋಟೋ ಇನ್ನೂ ಇದೆಯಾ ನಿಮ್ಮ ಹತ್ರ? ಕೆನೆಸ್ ಬೆನ್ನ ಮೇಲೆ ಜುರಗನ್ ಪೂರ್ತಿ ಮೈ ಚೆಲ್ಲಿ ಮಲಗಿದ್ದು? ಭಾನುವಾರ ಚೌಕದಲ್ಲಿ ಇಗ್ವಾನಾ ಸಾಕೋರೆಲ್ಲ ಸೇರಿದಾಗ ಎಲ್ರಿಗೂ ತೋರಿಸಿದ್ರಿ. "ಆರು ವರ್ಷದಿಂದ ಒಂದು ದಿನ ಜಗಳ ಇಲ್ಲ. ಹೇಗೆ ಅಪ್ಪಿಕೊಂಡು ಮಲಗ್ತಾವೆ ನೋಡಿ!" ವುಲನ್‌ಸಿಹ್ ಚಪ್ಪಾಳೆ ತಟ್ಟಿದ್ಲು. ಪಕ್ಕದಲ್ಲಿ ನಾನೂ ನಗ್ತಾ ನಿಂತಿದ್ದೆ, ಪೆದ್ದಿ.

ಅಪ್ಪಿಕೊಳ್ಳೋದಂತೆ! ಎರಡು ಬಲ್ಬನ್ನೂ ಒಂದೇ ಕೊಂಬೆ ಮೇಲೆ ನೇತುಹಾಕಿದ್ರಿ, ಜೋಡಿ ಒಟ್ಟಿಗಿರ್ಲಿ ಅಂತ. ಆ ಕೊಂಬೆ ಮೇಲೆ ಜಾಗ ಒಬ್ಬರಿಗೆ. ಮೇಲಿದ್ದವನಿಗೆ ಬಿಸಿ, ಕೆಳಗಿದ್ದವಳಿಗೆ ಅವನ ಭಾರ. ಬಿಸಿ ಸಿಗದೆ ಇದ್ರೆ ಅವಕ್ಕೆ ತಿಂದದ್ದು ಅರಗಲ್ಲ. ಅರಗದೆ ಇದ್ರೆ ತಿನ್ನೋದೇ ಬಿಡ್ತಾವೆ. ಬಾಲದ ಬುಡದಲ್ಲಿ ಮೂಳೆ ಎದ್ದು ಕಾಣ್ತಿತ್ತು ಮಾಸ್ ಅವಳಿಗೆ. "ಕೆನೆಸ್ ಸಾಧು, ತಂಟೆ ಇಲ್ಲ" ಅಂತಿದ್ರಿ. ಹೆಸರಿಟ್ಟಾಗ ಅವಳು ನಿಜಕ್ಕೂ ಬಿನ್ನಾಣಗಿತ್ತಿ, ಅದಕ್ಕೇ ಕೆನೆಸ್ ಅಂದದ್ದು. ಸಾಧು ಆದದ್ದು ಹೇಗೆ, ಕೇಳಿದ್ರಾ ಯಾವತ್ತಾದ್ರೂ?

ಹೋದ ವರ್ಷ ಹತ್ತೊಂಬತ್ತು ಮೊಟ್ಟೆ ಇಟ್ಲು. ಹನ್ನೆರಡು ಹಳದಿಯಾಗಿ ಕುಗ್ಗಿ ಹೋದ್ವು. ನೀವು ಒಂದೊಂದೇ ತೆಗೆದು ಬಕೆಟ್ಟಿಗೆ ಎಸೀತಾ "ಗೊಡ್ಡು" ಅಂದ್ರಿ. ನಾನು ಅನ್ನದ ಬೋಗುಣಿ ಹಿಡ್ಕೊಂಡು ನಿಮ್ಮ ಹಿಂದೆ ನಿಂತಿದ್ದೆ. ನೀವು ತಿರುಗಿ ನನ್ನನ್ನೂ ಒಂದು ಸಲ ನೋಡಿದ್ರಿ. ಯಾರಿಗೆ ಅಂದ್ರಿ ಅಂತ ನಾನು ಕೇಳ್ಲಿಲ್ಲ.

ಬೇಡ, ಈಗ ಏನೂ ಹೇಳ್ಬೇಡಿ. ಇಲ್ಲಿ ಬನ್ನಿ, ಕೆನೆಸ್‌ನ ನೋಡಿ. ಗೂಡಿನ ನಡುವೆ ತಂತಿಬಲೆ ಹಾಕಿಸಿದೀನಿ. ಈ ಕಡೆ ಅವಳು, ಬಟ್ಟೆ ಮುಚ್ಚಿದ ಆ ಕಡೆ... ಅವನು. ನೋಡಿ, ಹೇಗೆ ಉದ್ದಕ್ಕೆ ಕಾಲು ಚಾಚಿ ಬಿಸಿ ಕಾಯಿಸ್ಕೊತಾಳೆ ಮಹಾರಾಣಿ! ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ. ಆರು ವರ್ಷದಲ್ಲಿ ಅವಳು ಇಷ್ಟು ಉದ್ದ ಇದಾಳೆ ಅಂತಾನೇ ನನಗೆ ಗೊತ್ತಿರ್ಲಿಲ್ಲ. ದಾಸವಾಳ ಕೊಟ್ರೆ ನನ್ನ ಬೆರಳೂ ಸೇರಿಸಿ ಕಚ್ತಾಳೆ ಈಗ. ಹೋದ ವಾರ ಮರಳಿನಲ್ಲಿ ಗುಂಡಿ ತೋಡಿ ಇಪ್ಪತ್ತೇಳು ಮೊಟ್ಟೆ ಇಟ್ಟಿದಾಳೆ. ಬೇರೆ ಮಾಡೋಕೆ ಮುಂಚೆ ಕೂಡಿದ್ದು, ಜುರಗನ್‌ದೇ. ಎಲ್ಲ ಬೆಳ್ಳಗೆ, ತುಂಬಿಕೊಂಡಿವೆ. ಒಂದೂ ಕುಗ್ಗಿಲ್ಲ. ಗೊಡ್ಡಂತೆ!

ಹೂಂ? ಅವನಾ? ಬೆಚ್ಚಗಿದಾನೆ, ಅಂದ್ನಲ್ಲ. ಬಲ್ಬು... ಬಲ್ಬಿಗೇನು, ಆಯ್ತು, ಒಂದು ವ್ಯವಸ್ಥೆ ಆಯ್ತು. ಮೊದಲು ಅಂಗಡಿಯಲ್ಲಿ ಇರ್ಲಿಲ್ಲ, ಆಮೇಲೆ ಬಂತು. ಚಹಾ ಆರಿ ಹೋಯ್ತು ನೋಡಿ, ಕೊಡಿ ಇಲ್ಲಿ, ಬಿಸಿ ಮಾಡ್ತೀನಿ. ಕೂತಿರಿ. ಏಳ್ಬೇಡಿ, ಆಯ್ತಾ?

...ಸಕ್ಕರೆ ಎರಡೇ ಚಮಚ ಅಲ್ವಾ ಈಗ್ಲೂ? ಮಾಸ್? ಕೇಳಿಸ್ತಾ? ಎರಡಾ, ಮೂರಾ?

ತೆಗೆದುಬಿಟ್ರಾ.

ಬಟ್ಟೆ ತೆಗೆದೇಬಿಟ್ರಾ. ಒಂದು ಲೋಟ ಚಹಾ ಕಾಯೋಷ್ಟು ತಾಳ್ಮೆ ಇಲ್ಲ.

ಹೂಂ, ಖಾಲಿ. ಕಾಣ್ತಿದೆಯಲ್ಲ. ಅವನು... ಓಡಿ ಹೋದ. ಬಾಗಿಲು ಹಾಕಿರ್ಲಿಲ್ಲ, ಮನೆ ಹಿಂದಿನ ತೊರೆ ಕಡೆ... ಏನು ಹಾಗೆ ನೋಡ್ತೀರಿ? ಇಗ್ವಾನಾ ಓಡಿ ಹೋಗಲ್ವಾ? ಗಂಡಸರು ಓಡಿ ಹೋಗಲ್ವಾ?

ಸರಿ. ಓಡಿ ಹೋಗ್ಲಿಲ್ಲ. ದಾಸವಾಳದ ಬುಡದಲ್ಲಿದಾನೆ, ಹಿತ್ತಿಲಲ್ಲಿ. ಇವತ್ತಿಗೆ ಹದಿನೆಂಟು ದಿನ. ಚಳಿ. ಬರೀ ಚಳಿ, ಇನ್ನೇನಿಲ್ಲ. ಇದ್ದದ್ದು ಒಂದು ಬಲ್ಬು, ನನ್ನ ಪಾಲಿಂದು. ನನ್ನ ಬಲ್ಬನ್ನ ನನ್ನ ಹೆಣ್ಣಿಗೆ ಹಾಕಿದೆ. ನಿಮ್ಮ ಬಲ್ಬು ನಿಮ್ಮ ಜೇಬಿನಲ್ಲಿತ್ತು. ಲೆಕ್ಕ ಸರಿಯಾಗಿದೆ, ಬೇಕಾದ್ರೆ ಸರ್ವೋನೊ ಅವರನ್ನೇ ಕರೆದು ಕೇಳಿ!

ಬೈಯಿರಿ. ಕೂಗಾಡಿ. ಅನ್ನಕ್ಕೆ ಉಪ್ಪು ಕಮ್ಮಿ ಆದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದವರು... ಆ ಕಡೆ ಯಾಕೆ ನೋಡ್ತೀರಿ? ಆ ಗಾಜಿನ ಬೀರುವಿನಲ್ಲಿ ಏನೂ ಇಲ್ಲ. ಹಳೇ ಲೋಟ, ನಿಮ್ಮ ಬಹುಮಾನದ ಕಪ್‌ಗಳು... ಅದನ್ನ ಮುಟ್ಬೇಡಿ. ಮಾಸ್, ಅದನ್ನ ಕೆಳಗಿಡಿ. ಡಬ್ಬ ಅದು, ಖಾಲಿ ಡಬ್ಬ.

ಅಲ್ಲಾಡಿಸ್ಬೇಡಿ. ಒಡೆಯತ್ತೆ.

...ಹೂಂ. ಬಲ್ಬೇ. ಹೊಸದು. ಸೀಲೂ ಬಿಚ್ಚಿಲ್ಲ.

ಮಾಸ್, ಅದನ್ನ ಕೈಯಲ್ಲಿ ಹಿಡ್ಕೊಂಡು ಹೀಗೆ ನಿಲ್ಬೇಡಿ.

ಚಳಿ ಶುರುವಾದ ಮೂರನೇ ದಿನಾನೇ ತಂದೆ. ಅಂಗಡಿ ಬೀದಿ ಕೊನೇಲಿದೆ, ಎಷ್ಟು ದೂರ? ತಂದು, ಕುರ್ಚಿ ಹಾಕ್ಕೊಂಡು ಹತ್ತಿದೆ ಕೂಡ. ಮೇಲಿಂದ ನೋಡಿದ್ರೆ ಕೆನೆಸ್ ಕಾಲು ಚಾಚಿ ಮಲಗಿದ್ಲು, ಮೊದಲ ಸಲ. ಇವನು ಬಲೆಯ ಆ ಕಡೆ ಮೈ ಕಪ್ಪಗೆ ಮಾಡ್ಕೊಂಡು ಕೂತಿದ್ದ. ಒಂದು ದಿನ ಇರ್ಲಿ, ಅನ್ನಿಸ್ತು. ಒಂದೇ ದಿನ. ಕೆಳಗಿದ್ದವಳಿಗೆ ಹೇಗಿತ್ತು ಅಂತ ಅವನಿಗೂ ಗೊತ್ತಾಗ್ಲಿ. ಇಳಿದುಬಿಟ್ಟೆ. ಮಾರನೇ ದಿನ ಸೊಪ್ಪು ಹಾಕಿದೆ, ಮುಟ್ಲಿಲ್ಲ. ಇನ್ನೊಂದು ದಿನ ಅಂದ್ಕೊಂಡೆ. ಆಮೇಲೆ ಇನ್ನೊಂದು... ದಿನಾ ಬೆಳಿಗ್ಗೆ ಆ ಡಬ್ಬ ಮಡಿಲಲ್ಲಿಟ್ಕೊಂಡು ಗೂಡಿನ ಮುಂದೆ ಕೂತಿರ್ತಿದ್ದೆ. ಅವನು ಬಲೆಗೆ ಕೆನ್ನೆ ಒತ್ತಿಕೊಂಡು ನಿಂತಿರ್ತಿದ್ದ, ಈ ಕಡೆಯ ಬಿಸಿ ಸ್ವಲ್ಪ ಬರತ್ತಲ್ಲ, ಅಷ್ಟಕ್ಕೆ. ಕೊನೆಕೊನೆಗೆ ನಾನು ಬಂದ್ರೆ ತಲೆ ಎತ್ತಿ ನನ್ನನ್ನೇ ನೋಡೋನು.

ಹನ್ನೊಂದು ದಿನ.

ಅಳ್ತಿದೀರಾ? ನೀವಾ? ಕೋರ್ಟಿನಲ್ಲಿ ಹೆಸರು ಕೂಗಿ ಮುಗೀತು ಅಂದಾಗ ಒಂದು ಹನಿ ಬರ್ಲಿಲ್ಲ ಈ ಕಣ್ಣಲ್ಲಿ...

ಅವನಿಗೇನು ಗೊತ್ತು ಮಾಸ್? ಹಲ್ಲಿ ಜಾತಿ. ಬಿಸಿ ಎಲ್ಲಿದೆಯೋ ಅಲ್ಲಿಗೆ ಹತ್ತೋದು ಬಿಟ್ರೆ ಅವನು ಏನು ತಪ್ಪು ಮಾಡಿದ್ದ? ಗೊಡ್ಡು ಅಂದವನು ಅವನಲ್ಲ. ಬಲ್ಬು ಬಿಚ್ಕೊಂಡು ಹೋದವನು ಅವನಲ್ಲ. ಆ ಹನ್ನೊಂದು ದಿನ ಬಲೆಯ ಆ ಕಡೆ ನಾನು ಅವನನ್ನ ನೋಡ್ಲೇ ಇಲ್ಲ. ನಿಮ್ಮನ್ನೇ ನೋಡ್ತಾ ಕೂತಿದ್ದೆ. ಹನ್ನೆರಡನೇ ದಿನ ಬೆಳಿಗ್ಗೆ ಕೈ ಹಾಕಿ ಎತ್ಕೊಂಡಾಗ ಅವನು ಕಂಡ.

ಹೋಗಿ. ಡಬ್ಬ ತಗೊಂಡು ಹೋಗಿ, ಅದು ನಿಮ್ಮದೇ. ಮತ್ತೆ ಆ ಜಾಕೆಟ್ ಬಿಚ್ಚಿ, ಇಲ್ಲೇ ಬಿಚ್ಚಿ ಮಾಸ್, ನನ್ನ ಕಣ್ಣ ಮುಂದೆ. ಹೊರಗೆ ನಿಂತಿರೋ ಹುಡುಗಿ ನಡುಗ್ತಿದಾಳೆ.