ಕುಂಬಳದ ಬಳ್ಳಿಗೆ ಹಿಡಿದ ಅಂತರಪಟ

ಮಾಗಿಯ ಬಿಸಿಲು ಜಗಲಿಗೆ ಇಳಿದಿದೆ. ಊಟ ಮುಗಿದಿದೆ. ಮುಂದೆ ಅವರೆಕಾಯಿಯ ರಾಶಿ ಬಿದ್ದಿದೆ. ಕೈಗೆ ಕೆಲಸ ಸಿಕ್ಕಿತು, ಕಿವಿಗೆ ಇನ್ನೂ ಸಿಕ್ಕಿಲ್ಲ. ಅದಕ್ಕಾಗಿ ಈ ಕಥೆ. ಸುಲಿಯುತ್ತ ಕೇಳಿ. ಕೇಳುತ್ತ ಸುಲಿಯುವುದನ್ನು ಮರೆಯಬೇಡಿ.

ಒಂದಾನೊಂದು ಸೀಮೆ. ಅದರ ಹೆಸರು ಹೊಳೆಯಲ್ಲಿ ತೇಲಿಹೋಯಿತು, ಊರು ಮಾತ್ರ ದಡದಲ್ಲಿ ಉಳಿಯಿತು. ಆ ಊರಿನಲ್ಲಿ ಅಚ್ಚಮ್ಮನೆಂಬ ಗೃಹಿಣಿ, ಆಕೆಗೆ ಸಾತು ಎಂಬ ಒಬ್ಬಳೇ ಮಗಳು.

ಅಚ್ಚಮ್ಮನ ಮಡಿ ಎಂಥದು ಬಲ್ಲಿರಾ? ಒಗೆದ ಸೀರೆಯನ್ನು ಕೋಲಿನಿಂದ ಗಳುವಿಗೆ ಏರಿಸುವಳು, ಕೋಲಿನಿಂದಲೇ ಇಳಿಸುವಳು. ಸೇದಿದ ನೀರಿನ ಮೇಲೆ ಕಾಗೆಯ ನೆರಳು ಬಿದ್ದರೆ ಚೆಲ್ಲುವಳು. ಗಂಡ ಸೀನಿದರೆ ಅಡುಗೆಮನೆಯ ಬಾಗಿಲು ಮುಚ್ಚುವಳು. ಆ ಪುಣ್ಯಾತ್ಮ ಸೀನುವುದಕ್ಕೆಂದೇ ಬೀದಿಗೆ ಹೋಗುತ್ತಿದ್ದ.

ಸಾತುವಿಗೆ ಹೊಳೆಯಾಚೆಯ ನರಹರಿಯೊಡನೆ ಮಾತುಕತೆಯಾಗಿತ್ತು. ಅವನನ್ನು ನೋಡಿದ ದಿನದಿಂದ ಹುಡುಗಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಆದರೆ ಆ ಸೀಮೆಯಲ್ಲಿ ಒಂದು ಪದ್ಧತಿ ಉಂಟು. ಮದುವೆಯಲ್ಲಿ ಹೆಣ್ಣುಗಂಡು ಒಂದೇ ಎಲೆಯಲ್ಲಿ ಉಣ್ಣುತ್ತಾರಲ್ಲ, ಆ ಭೂಮದೂಟಕ್ಕೆ ಹೆಣ್ಣಿನ ಮನೆಯ ಅಂಗಳದಲ್ಲೇ ಬೆಳೆದ ಸಿಹಿಗುಂಬಳದ ಹುಳಿಯಾಗಬೇಕು. ಬಳ್ಳಿಯಲ್ಲಿ ಹೀಚು ನಿಂತರೆ ಲಗ್ನ ಇಡುವುದು. ನಿಲ್ಲದಿದ್ದರೆ? ಗಂಡಿನವರು ಬೇರೆ ಅಂಗಳ ನೋಡುವುದು.

ಅಚ್ಚಮ್ಮ ಬೀಜ ಊರಿದಳು, ಬಳ್ಳಿ ಹಬ್ಬಿತು, ಬಂಗಾರದ ಬಣ್ಣದ ಹೂ ಅರಳಿತು. ಬೆಳಗಿನಲ್ಲಿ ಒಂದು ಜೇನುಹುಳು ಬಂದು, ಹೀಚು ಹೊತ್ತ ಹೂವಿಗೆ ಬಾಯಿ ಹಾಕಲು ಹೋಯಿತು.

"ಎಲಾ ಎಲಾ, ದೇವರಿಗೆ ನೈವೇದ್ಯವಾಗಬೇಕಾದ ಕಾಯಿ ಅದು. ಎಂಜಲು ಮಾಡುತ್ತೀಯ?" ಅಚ್ಚಮ್ಮ ಸೆರಗು ಬೀಸಿದಳು. ಜೇನು ಹಾರಿಹೋಯಿತು. ಹೂ ಬಾಡಿತು, ಹೀಚು ಹಳದಿಯಾಯಿತು, ತೊಟ್ಟು ಕಳಚಿ ಬಿತ್ತು.

ಮತ್ತೆ ಹೂ ಅರಳಿತು. ಈ ಸಲ ಬಂದದ್ದು ಚಿಟ್ಟೆ.

"ನೋಡುವುದಕ್ಕೆ ರೇಷ್ಮೆಸೀರೆ, ಬುದ್ಧಿ ಮಾತ್ರ ಕಂಡವರ ಮನೆಯ ಅಡುಗೆ ರುಚಿ ನೋಡುವುದು. ಹೋಗೇ ಆಚೆಗೆ." ಚಿಟ್ಟೆ ಹಾರಿಹೋಯಿತು. ಹೂ ಬಾಡಿತು, ಹೀಚು ಹಳದಿಯಾಯಿತು, ತೊಟ್ಟು ಕಳಚಿ ಬಿತ್ತು.

ಹೊಳೆಯಾಚೆಯಿಂದ ನರಹರಿಯ ತಾಯಿ ಶೇಷಮ್ಮ ಹೇಳಿಕಳಿಸಿದಳು: "ನಮಗೇನೂ ಅವಸರವಿಲ್ಲ. ಆದರೆ ಹುಣ್ಣಿಮೆಯ ಹೊತ್ತಿಗೆ ಹೀಚು ನಿಲ್ಲದಿದ್ದರೆ, ಪಕ್ಕದ ಬೀದಿಯಲ್ಲಿ ಒಂದು ಚಪ್ಪರ ತುಂಬ ಚೆನ್ನಾಗಿ ಕಾಯಿ ಬಿಟ್ಟಿದೆಯಂತೆ."

ಸಾತು ಅಂದು ಸಾರಿಗೆ ಉಪ್ಪನ್ನೇ ಹಾಕಲಿಲ್ಲ. ಅಚ್ಚಮ್ಮ ಹಾಗೆಯೇ ಉಂಡಳು. ಮಗಳ ಕಣ್ಣು ಕೆಂಪಾಗಿದ್ದುದನ್ನು ಕಂಡಳು. ತನ್ನ ಮಡಿ ಸಾಲದೇ ಹೋಯಿತೆಂದು ಬಗೆದಳು. ಏನು ಮಾಡಿದಳು, ಕೇಳಿ. ಗಳುವಿನ ಮೇಲಿನ ಮಡಿಪಂಚೆಯನ್ನು ಹರಿದು, ಹೀಚು ಹೊತ್ತ ಹೂಗಳಿಗೆಲ್ಲ ಮುಸುಕು ಹಾಕಿದಳು. ಹೀಚಿಲ್ಲದ ಬರಿಯ ಹೂಗಳನ್ನು, ಇವು ಕಾಯಿ ಕೊಡದ ಪೊಳ್ಳು ಹೂಗಳೆಂದು ಹಾಗೆಯೇ ಬಿಟ್ಟಳು.

ಮೂರನೆಯ ಸಲ ಬಂದದ್ದು ದುಂಬಿ. ಮೈತುಂಬ ಕಪ್ಪು, ಬೆನ್ನು ಮಾತ್ರ ಹಳದಿ. ಮುಸುಕಿನ ಮೇಲೆ ಕುಳಿತು ಗುಂಯ್ ಎಂದಿತು. ಅಚ್ಚಮ್ಮ ಕೋಲು ಎತ್ತಿದಳು.

"ನಿನ್ನನ್ನು ಕರೆದವರು ಯಾರೋ?"

"ಹೂವೇ ಕರೆಯಿತು, ತಾಯಿ. ಇಷ್ಟು ಬಣ್ಣ ಉಟ್ಟು, ಇಷ್ಟು ಗಂಧ ಪೂಸಿಕೊಂಡು, ಒಡಲಲ್ಲಿ ಮಕರಂದ ಬಡಿಸಿಕೊಂಡು ಕುಳಿತದ್ದು ಯಾರಿಗಾಗಿ? ನಿಮಗಾಗಿಯೇ?"

"ಮಾತು ಕಲಿತಿದ್ದೀಯ. ನೀನು ಬಾಯಿಟ್ಟರೆ ಎಂಜಲಾಗುವುದಿಲ್ಲವೇನೋ?"

"ನನ್ನ ಬಾಯಿ ಆಮೇಲೆ ನೋಡುವಿರಂತೆ, ಮೊದಲು ಬೆನ್ನು ನೋಡಿ."

ಅಚ್ಚಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಇದೇನು, ಅರಿಶಿನ ಹಚ್ಚಿಸಿಕೊಂಡು ಬಂದಿದ್ದೀಯ?"

"ನೀವು ಪೊಳ್ಳು ಎಂದಿರಲ್ಲ, ಆ ಗಂಡುಹೂವು ಹಚ್ಚಿದ್ದು. ಒಂದು ತೊಟ್ಟು ಸಿಹಿ ಬಡಿಸಿ, ಇದನ್ನು ಹೆಣ್ಣಿನ ಮನೆಗೆ ಮುಟ್ಟಿಸಯ್ಯ ಎಂದಿತು. ಹೆಣ್ಣಿನ ಮನೆಯಲ್ಲೂ ನನಗೆ ಊಟ ಕಾದಿದೆ. ನಾನು ಅಲ್ಲಿ ಉಣ್ಣಬೇಕು, ಉಣ್ಣುವಾಗ ಈ ಅರಿಶಿನ ಅದಕ್ಕೆ ತಗುಲಬೇಕು. ಆಗ ಹೀಚು ನಿಲ್ಲುತ್ತದೆ. ನಾನು ಕಳ್ಳನಲ್ಲ ತಾಯಿ, ದಿಬ್ಬಣದವನು. ನೀವೋ ಹೆಣ್ಣುಗಂಡಿನ ನಡುವೆ ಅಂತರಪಟ ಹಿಡಿದಿರಿ, ಇಳಿಸುವುದನ್ನು ಮರೆತಿರಿ. ಬಿಸಿಲೇರಿದರೆ ಹೂ ಮುಚ್ಚುತ್ತದೆ. ಮುಹೂರ್ತ ಮೀರುತ್ತಿದೆ."

ಅಚ್ಚಮ್ಮನ ಕೋಲು ಕೆಳಗಿಳಿಯಿತು. ಆದರೂ ಸೋಲಲು ಮನಸ್ಸಿಲ್ಲ. "ಅದೆಲ್ಲ ಸರಿ, ಎಂಜಲು ಎಂಜಲೇ ತಾನೆ?" ಎಂದಳು.

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಸಾತು ಮೆಲ್ಲಗೆ ಕೇಳಿದಳು: "ಅಮ್ಮ, ಭೂಮದೂಟದಲ್ಲಿ ನೀನು ಅಪ್ಪನ ಎಲೆಯಲ್ಲಿ ಉಣ್ಣಲಿಲ್ಲವೇ?"

"ಉಂಡೆ. ಉಣ್ಣದೆ ಏನು?"

"ಎದ್ದು ಸ್ನಾನ ಮಾಡಿದೆಯಾ?"

ಅಚ್ಚಮ್ಮನ ಮುಖ ಕುಂಬಳದ ಹೂವಿಗಿಂತ ಹೆಚ್ಚು ಅರಳಿತು. "ಭೂಮದ ಎಲೆಗೆ ಎಲ್ಲಿಯ ಎಂಜಲೇ, ಹುಚ್ಚುಡುಗಿ" ಎಂದವಳಿಗೆ ತನ್ನ ಮಾತು ತನಗೇ ಕೇಳಿಸಿತು. ಮತ್ತೆ ತಡಮಾಡಲಿಲ್ಲ. ಮೊದಲನೆಯ ಮುಸುಕು ತೆಗೆದಳು, ಎರಡನೆಯದು ತೆಗೆದಳು, ಎಲ್ಲವನ್ನೂ ಕಿತ್ತೆಸೆದಳು. ಒಳಗೆ ಓಡಿ ಅಕ್ಷತೆ ತಂದು ಬಳ್ಳಿಯ ಮೇಲೆ ಎರಚಿದಳು. ಜೇನು, ಚಿಟ್ಟೆ, ದುಂಬಿಗಳಿಗೆಲ್ಲ ಕೇಳಿಸುವಂತೆ, "ಎಲೆ ಹಾಕಿದೆ, ಎಲ್ಲರೂ ಊಟಕ್ಕೆ ಏಳಬೇಕು. ಸಾವಕಾಶವಾಗಿ ಆಗಲಿ" ಎಂದು ಉಪಚಾರ ಹೇಳಿದಳು. ಬೀದಿಯಲ್ಲಿ ಸೀನಲು ನಿಂತಿದ್ದ ಗಂಡ, ನೆಂಟರು ಬಂದರೆಂದು ಅಂಗಿ ತೊಟ್ಟು ಬಂದ.

ಹೂ ಬಾಡಿತು. ಹೀಚು ಹಸುರಾಯಿತು. ತೊಟ್ಟು ಗಟ್ಟಿಯಾಗಿ ನಿಂತಿತು.

ಅಲ್ಲಿ ಭೂಮದ ಎಲೆ ಖಾಲಿಯಾಯಿತು, ಇಲ್ಲಿ ಅವರೆಯ ಬುಟ್ಟಿ ತುಂಬಿತು; ಹೇಳಿದ ಬಾಯಿಗೆ ನೀರು ಕೊಡಿ, ಕೇಳಿದ ಕಿವಿಗೆ ಒಳ್ಳೆಯದಾಗಲಿ. ಹುಣ್ಣಿಮೆಯ ದಿನ ಲಗ್ನ ಗೊತ್ತುಮಾಡಿದರು, ಕಾಯಿ ಬಲಿತ ಮೇಲೆ ಮದುವೆಯಾಯಿತು. ಸಾತು ಆ ಕುಂಬಳದ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಳೆ ದಾಟಿದಳು. ಅಚ್ಚಮ್ಮ ಮೊದಲಿನಂತೆಯೇ ಸೀರೆಯನ್ನು ಕೋಲಿನಿಂದ ಏರಿಸುತ್ತಿದ್ದಳು, ಕೋಲಿನಿಂದ ಇಳಿಸುತ್ತಿದ್ದಳು. ಬಳ್ಳಿಗೆ ಮಾತ್ರ ಮತ್ತೆಂದೂ ಮುಸುಕು ಹಾಕಲಿಲ್ಲ.